ಒಂದೇ ತರಹ ಕಾಣುವ ಕಡಲ ಡೈನೊಫ್ಲಾಜೆಲೇಟ್‌ಗಳನ್ನು ಬೇರ್ಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಹನಿ ಕಡಲ ನೀರಿನಲ್ಲಿ ಅಕ್ಕಪಕ್ಕ ಈಜುವ ಎರಡು ಡೈನೊಫ್ಲಾಜೆಲೇಟ್ ಕೋಶಗಳು (ಚಾವಟಿಯಂಥ ಕಶಾಂಗಗಳಿಂದ ಈಜುವ ಏಕಕೋಶ ಜೀವಿಗಳು) ನೋಡಲು ಅವಳಿಗಳಂತಿರುತ್ತವೆ. ಒಂದು ಚಿಪ್ಪುಜೀವಿಗಳ ಮಾಂಸದಲ್ಲಿ ಪಾರ್ಶ್ವವಾಯು ತರುವ ವಿಷ ತುಂಬುತ್ತದೆ, ಇನ್ನೊಂದು ನಿರಪಾಯಕಾರಿ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಇವುಗಳಿಗೆ ಹೆಸರು ಬರೆಯಬೇಕಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಕುಲವನ್ನು ಗುರುತಿಸುವುದು ಸುಲಭ. ಪ್ರಭೇದಕ್ಕೆ ಬಂದಾಗ ಏಕೆ ಇಷ್ಟು ತೊಡಕು?

ಕುಲವನ್ನು ಹೇಳುವುದು ಕೋಶದ ಒಟ್ಟು ವಿನ್ಯಾಸ: ಕವಚ ಇದೆಯೇ ಇಲ್ಲವೇ, ಕವಚದಲ್ಲಿ ಫಲಕಗಳು ಎಷ್ಟು, ಅಡ್ಡ ತೋಡು ಎಲ್ಲಿ ಸುತ್ತಿದೆ, ಕೊಂಬು ಇದೆಯೇ. 200 ಪಟ್ಟು ವರ್ಧನೆಯಲ್ಲಿ ಇವೆಲ್ಲ ಕಾಣುತ್ತವೆ. ಪ್ರಭೇದವನ್ನು ಹೇಳುವುದು ಮಾತ್ರ ಒಂದೇ ಒಂದು ಫಲಕದ ಅಗಲ, ಅದರ ಅಂಚಿನಲ್ಲಿರುವ ಅರ್ಧ ಮೈಕ್ರಾನ್‌ನಷ್ಟು ಚಿಕ್ಕ ರಂಧ್ರ, ಅಥವಾ ನ್ಯೂಕ್ಲಿಯಸ್ ಕುಳಿತಿರುವ ಮೂಲೆ. ಕೋಶ ಹೊರಳಿದರೆ ಆ ಗುರುತು ಮರೆಯಾಗುತ್ತದೆ, ಮಾದರಿ ಸರಿಯಾಗಿ ಉಳಿಯದಿದ್ದರೆ ಅಳಿಸಿಯೇ ಹೋಗುತ್ತದೆ.

ಇನ್ನೊಂದು ಕಾರಣ ಜೀವನಚಕ್ರ. ಒಂದೇ ಪ್ರಭೇದದ ಗ್ಯಾಮೀಟ್‌ಗಳು (ಲಿಂಗಕೋಶಗಳು) ಚಿಕ್ಕವು, ತೆಳು ಬಣ್ಣದವು. ಅವು ಕೂಡಿ ಆದ ಈಜುವ ಜೈಗೋಟ್ ದೊಡ್ಡದು, ದಟ್ಟ ಬಣ್ಣದ್ದು, ಅದಕ್ಕೆ ಹಿಂದಕ್ಕೆ ಚಾಚಿದ ಉದ್ದ ಕಶಾಂಗಗಳು ಎರಡು. ಇದು ಗೊತ್ತಿಲ್ಲದಿದ್ದರೆ ಒಂದೇ ಜೀವಿಯನ್ನು ಮೂರು ಪ್ರಭೇದ ಎಂದು ಬರೆದುಬಿಡುವುದು ಸಹಜ.

ಕೋಶದ ಎಡ ಯಾವುದು, ಬಲ ಯಾವುದು?

ಎಡ ಬಲ ಅದಲುಬದಲಾದರೆ ಮುಂದಿನದೆಲ್ಲ ತಪ್ಪುತ್ತದೆ. ಉದ್ದ ತೋಡು, ಅಂದರೆ ಸಲ್ಕಸ್, ಇರುವ ಬದಿಯೇ ಕೋಶದ ಮುಂಬದಿ. ಎದುರು ನಿಂತ ವ್ಯಕ್ತಿಯ ಎಡಗೈ ನಿಮ್ಮ ಬಲಕ್ಕಿರುವಂತೆ, ಮುಂಬದಿಯಿಂದ ನೋಡುವಾಗ ಕೋಶದ ಎಡ ನಿಮ್ಮ ಬಲಕ್ಕೆ ಬರುತ್ತದೆ. ವಿವರಣೆಗಳಲ್ಲಿ ಎಡ ಬಲ ಎಂದಿರುವುದೆಲ್ಲ ಕೋಶದ್ದು, ನೋಡುವವರದ್ದಲ್ಲ.

ಕೋಶ ಪಾರದರ್ಶಕ. ಬೆನ್ನು ಮೇಲಾಗಿ ಬಿದ್ದಿದ್ದರೂ ಫೋಕಸ್ ಕೆಳಗಿಳಿಸಿದರೆ ಮುಂಬದಿಯ ತೋಡು ಕಾಣಿಸುತ್ತದೆ, ಆದರೆ ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾಗಿ. ಪರೀಕ್ಷೆ ಸರಳ. ಬಹುಪಾಲು ಪ್ರಭೇದಗಳಲ್ಲಿ ಅಡ್ಡ ತೋಡು ಕೋಶದ ಎಡದಲ್ಲಿ ಹೊರಟು, ಬೆನ್ನು ಸುತ್ತಿ, ಬಲದಲ್ಲಿ ಸ್ವಲ್ಪ ಕೆಳಗೆ ಬಂದು ಮುಗಿಯುತ್ತದೆ. ಹಾಗಾಗಿ ನೇರ ಮುಂಬದಿ ನೋಟದಲ್ಲಿ ನಿಮ್ಮ ಬಲಗಡೆಯ ತುದಿ ಮೇಲಿರಬೇಕು. ಎಡಗಡೆಯದು ಮೇಲಿದ್ದರೆ ನೀವು ಬೆನ್ನಿನ ಮೂಲಕ ನೋಡುತ್ತಿದ್ದೀರಿ, ಇಲ್ಲವೇ ಕ್ಯಾಮೆರಾ ಚಿತ್ರವನ್ನು ತಿರುಗಿಸುತ್ತಿದೆ. ಕ್ಯಾಮೆರಾ ಸಂಶಯ ತೀರಿಸಿಕೊಳ್ಳಲು ಸ್ಲೈಡಿನ ಮೇಲೆ ಒಂದು ಅಕ್ಷರ ಅಂಟಿಸಿ ಒಮ್ಮೆ ಚಿತ್ರ ತೆಗೆಯಿರಿ. ತಲೆಕೆಳಗಾದ ಸೂಕ್ಷ್ಮದರ್ಶಕ ಬಳಸುವವರು ಇದನ್ನು ತಪ್ಪದೆ ಮಾಡಬೇಕು.

ಮಾದರಿಯನ್ನು ಯಾವುದರಲ್ಲಿ ಉಳಿಸಿಡಬೇಕು?

ಎಲ್ಲಕ್ಕೂ ಹೊಂದುವ ಒಂದು ದ್ರಾವಣ ಇಲ್ಲ. ಒಂದೇ ನೀರನ್ನು ಮೂರು ಬಾಟಲಿಗೆ ಹಂಚಿ.

ಮೊದಲನೆಯದರಲ್ಲಿ ಏನೂ ಹಾಕಬೇಡಿ, ಜೀವಂತವಾಗಿಯೇ ನೋಡಿ. ಕವಚವಿಲ್ಲದ ಪ್ರಭೇದಗಳಿಗೆ ಇದೇ ಮುಖ್ಯ ಮಾದರಿ. ಬಾಟಲಿ ಪೂರ್ತಿ ತುಂಬಬೇಡಿ, ಬಿಸಿಲಿಗೆ ಇಡಬೇಡಿ, ಆದಷ್ಟು ಅದೇ ದಿನ ನೋಡಿ.

ಎರಡನೆಯದಕ್ಕೆ ಲ್ಯೂಗೊಲ್ ದ್ರಾವಣ. ಆಮ್ಲೀಯ ಲ್ಯೂಗೊಲ್‌ಗೆ 20 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, 10 ಗ್ರಾಂ ಅಯೊಡಿನ್, 200 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು, 20 ಮಿಲಿಲೀಟರ್ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಅಯೊಡೈಡ್ ಅನ್ನು ಮೊದಲು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಆಮೇಲೆ ಅಯೊಡಿನ್ ಹಾಕಿ, ಇಲ್ಲದಿದ್ದರೆ ಅಯೊಡಿನ್ ಹರಳು ತಳದಲ್ಲಿ ಉಳಿದುಬಿಡುತ್ತದೆ. 100 ಮಿಲಿಲೀಟರ್ ಮಾದರಿಗೆ ಅರ್ಧದಿಂದ 1 ಮಿಲಿಲೀಟರ್ ಸಾಕು, ನೀರು ತಿಳಿ ಜೇನುಬಣ್ಣಕ್ಕೆ ಬರಬೇಕು. ಎಣಿಕೆಗೆ ಇದು ಚೆನ್ನ. ಆದರೆ ಕರೇನಿಯಾದಂಥ ಕವಚವಿಲ್ಲದ ಕೋಶಗಳು ಇದರಲ್ಲಿ ದುಂಡಾಗಿ ಗುರುತು ಕಳೆದುಕೊಳ್ಳುತ್ತವೆ. ಆಮ್ಲ ಇರುವುದರಿಂದ ಸ್ಕ್ರಿಪ್ಸಿಯೆಲ್ಲಾ ಕುಲದ ಸುಣ್ಣದ ಸಿಸ್ಟ್‌ಗಳು (ಗಟ್ಟಿ ಹೊದಿಕೆಯ ವಿಶ್ರಾಂತ ಕೋಶಗಳು) ಕರಗಿಹೋಗುತ್ತವೆ.

ಮೂರನೆಯದು ಡಿಎನ್‌ಎಗಾಗಿ. ನೀರನ್ನು ಫಿಲ್ಟರ್ ಮಾಡಿ ಆ ಫಿಲ್ಟರನ್ನು ಮೈನಸ್ 80 ಡಿಗ್ರಿಯಲ್ಲಿಡಿ, ಇಲ್ಲವೇ ಸಾಂದ್ರಗೊಳಿಸಿದ ಕೋಶಗಳನ್ನು ಎಥನಾಲ್‌ನಲ್ಲಿಡಿ. ಫಲಕಗಳನ್ನು ನೋಡಲು ಶೇ. 1ರಿಂದ 2ರ ಫಾರ್ಮಾಲಿನ್ ಒಳ್ಳೆಯದೇ, ಆದರೆ ಅದರಲ್ಲಿಟ್ಟ ಕೋಶದಿಂದ ಆಮೇಲೆ ಡಿಎನ್‌ಎ ಪಡೆಯುವ ಆಸೆ ಇಟ್ಟುಕೊಳ್ಳಬೇಡಿ.

ಬಲೆಯಲ್ಲಿ ಸೋಸಿದ ಮಾದರಿ ಸಾಲದೇ?

ಎಣಿಕೆಗೆ ಸಾಲದು. 20 ಮೈಕ್ರಾನ್ ಕಣ್ಣಿನ ಬಲೆಯಿಂದ ಅಜಾಡಿನಿಯಮ್ ಸ್ಪೈನೋಸಮ್ ನುಣುಚಿಕೊಳ್ಳುತ್ತದೆ, ಅದರ ಉದ್ದವೇ 12ರಿಂದ 16 ಮೈಕ್ರಾನ್. ಅಜಾಸ್ಪಿರಾಸಿಡ್ ವಿಷದ ಮೂಲ ಪ್ರೊಟೊಪೆರಿಡಿನಿಯಮ್ ಕ್ರ್ಯಾಸಿಪೆಸ್ ಎಂದು ಕೆಲವು ವರ್ಷ ನಂಬಲಾಗಿತ್ತು. ಅದು ಬೇರೆ ಕೋಶಗಳನ್ನು ತಿಂದು ಬದುಕುವ ದೊಡ್ಡ ಜೀವಿ. ವಿಷವನ್ನು ನಿಜವಾಗಿ ತಯಾರಿಸುವ ಪುಟ್ಟ ಅಜಾಡಿನಿಯಮ್‌ನ ವಿವರಣೆ ಪ್ರಕಟವಾದದ್ದು 2009ರಲ್ಲಿ. ಬಲೆಯ ಜತೆ ಸೋಸದ ನೀರಿನ ಒಂದು ಬಾಟಲಿಯನ್ನೂ ತನ್ನಿ.

ಫಲಕಗಳನ್ನು ಎಣಿಸುವ ಕ್ರಮ ಏನು?

ಬಳಕೆಯಲ್ಲಿರುವುದು ಕೊಫಾಯ್ಡ್ ಪದ್ಧತಿ. ಫಲಕಗಳನ್ನು ತುದಿಯಿಂದ ಬುಡದವರೆಗೆ ಸಾಲುಸಾಲಾಗಿ ಎಣಿಸಬೇಕು. ಕೋಶದ ಮೇಲ್ತುದಿಯ ರಂಧ್ರವನ್ನು, ಅಂದರೆ ಶಿಖರ ರಂಧ್ರವನ್ನು, ಮುಟ್ಟುವ ಸಾಲಿಗೆ ಒಂದು ಗೀಟು (′), ಅಡ್ಡ ತೋಡಿನ ಮೇಲಂಚಿನ ಸಾಲಿಗೆ ಎರಡು (″), ತೋಡಿನ ಕೆಳಗಿನ ಸಾಲಿಗೆ ಮೂರು (‴), ಬುಡದ ಸಾಲಿಗೆ ನಾಲ್ಕು (⁗). ಪ್ರತಿ ಸಾಲಿನ ಎಣಿಕೆ ಮುಂಬದಿಯಲ್ಲಿ, ಕೋಶದ ಎಡಗಡೆಯಿಂದ ಶುರುವಾಗಿ ಬೆನ್ನು ಸುತ್ತಿ ಬಲಕ್ಕೆ ಬರುತ್ತದೆ. ಫಲಕಸೂತ್ರದಲ್ಲಿ ಅಂಕಿ ಆ ಸಾಲಿನ ಫಲಕಗಳ ಸಂಖ್ಯೆ: ಅಲೆಕ್ಸಾಂಡ್ರಿಯಮ್ ಕುಲದಲ್ಲಿ ಶಿಖರ ರಂಧ್ರ ಫಲಕ, 4′, 6″, 5‴, 2⁗, ಅಡ್ಡ ತೋಡಿನಲ್ಲಿ 6. ಪ್ರೊಟೊಪೆರಿಡಿನಿಯಮ್‌ನಲ್ಲಿ 4′, 7″, 5‴, 2⁗, ಜತೆಗೆ ಶಿಖರದ ಸಾಲಿಗೂ ಅದರ ಕೆಳಗಿನದಕ್ಕೂ ನಡುವೆ 2 ಅಥವಾ 3 ಮಧ್ಯಂತರ ಫಲಕಗಳು.

ಪ್ರೊಟೊಪೆರಿಡಿನಿಯಮ್‌ನಲ್ಲಿ ಮೊದಲು 1′ ಫಲಕದ, ಅಂದರೆ ಒಂದು ಗೀಟಿನ ಸಾಲಿನ ಮೊದಲ ಫಲಕದ, ಬದಿಗಳನ್ನು ಎಣಿಸಿ. ನಾಲ್ಕಿದ್ದರೆ ಆರ್ಥೊ, ಐದಿದ್ದರೆ ಮೆಟಾ, ಆರಿದ್ದರೆ ಪ್ಯಾರಾ. ಆಮೇಲೆ ಬೆನ್ನಿನ ಕಡೆಯ ಎರಡನೇ ಮಧ್ಯಂತರ ಫಲಕಕ್ಕೂ ಅದೇ ಎಣಿಕೆ: ಕ್ವಾಡ್ರಾ, ಪೆಂಟಾ, ಹೆಕ್ಸಾ. ಈ ಎರಡು ಉತ್ತರ ಕೈಯಲ್ಲಿದ್ದರೆ ದೊಡ್ಡ ಕುಲದ ಪಟ್ಟಿ ಬೇಗ ಚಿಕ್ಕದಾಗುತ್ತದೆ.

ಕ್ಯಾಲ್ಕೊಫ್ಲೋರ್ ವೈಟ್ ಬಣ್ಣ ಹಿಡಿಸುವುದು ಹೇಗೆ?

ಕ್ಯಾಲ್ಕೊಫ್ಲೋರ್ ಸೆಲ್ಯುಲೋಸ್‌ಗೆ ಅಂಟಿಕೊಂಡು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಫಲಕಗಳು ಸೆಲ್ಯುಲೋಸ್‌ನವಾದ್ದರಿಂದ ಅವುಗಳ ನಡುವಿನ ಹೊಲಿಗೆಗಳು ಸ್ಪಷ್ಟವಾಗಿ ಮೂಡುತ್ತವೆ.

1 ಮಿಲಿಲೀಟರ್ ಬಟ್ಟಿ ನೀರಿಗೆ 1 ಮಿಲಿಗ್ರಾಂ ಪುಡಿಯಂತೆ ಮೂಲ ದ್ರಾವಣ ಮಾಡಿ. ಕರಗದಿದ್ದರೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದೆರಡು ಹನಿ ಹಾಕಿ. 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಕತ್ತಲಲ್ಲಿ, ತಂಪಿನಲ್ಲಿಡಿ. 1 ಮಿಲಿಲೀಟರ್ ಮಾದರಿಗೆ ಇದರ 10ರಿಂದ 20 ಮೈಕ್ರೊಲೀಟರ್ ಬೆರೆಸಿ 10 ನಿಮಿಷ ಬಿಡಿ. ಒಂದು ಹನಿಯನ್ನು ಸ್ಲೈಡಿಗೆ ಹಾಕಿ ಕವರ್‌ಸ್ಲಿಪ್ ಮುಚ್ಚಿ, ಸುಮಾರು 365 ನ್ಯಾನೊಮೀಟರ್ ಉದ್ದೀಪನದಲ್ಲಿ ನೋಡಿ. ಮೊದಲು 40 ಪಟ್ಟಿನ ಮಸೂರದಲ್ಲಿ ಒಳ್ಳೆಯ ಕೋಶ ಹುಡುಕಿ, ಆಮೇಲೆ 100 ಪಟ್ಟಿನ ಎಣ್ಣೆ ಮಸೂರಕ್ಕೆ ಹೋಗಿ. ಕವರ್‌ಸ್ಲಿಪ್ಪಿನ ಅಂಚನ್ನು ಸೂಜಿಯ ಮೊನೆಯಿಂದ ಕೂದಲೆಳೆಯಷ್ಟು ಸರಿಸಿದರೆ ಕೋಶ ಉರುಳುತ್ತದೆ. ಶಿಖರ, ಮುಂಬದಿ, ಬುಡ, ಮೂರೂ ನೋಟ ಸಿಗುವವರೆಗೆ ಉರುಳಿಸಿ.

ನೇರಳಾತೀತ ದೀಪ ಇಲ್ಲದಿದ್ದರೆ ಸೋಲೋಫಿನೈಲ್ ಫ್ಲೇವಿನ್ ಬಣ್ಣ ಬಳಸಿ. ಅದು ನೀಲಿ ಬೆಳಕಿನಲ್ಲೂ ಹೊಳೆಯುತ್ತದೆ.

ಬಣ್ಣ ಹಾಕಿದರೂ ಫಲಕ ಕಾಣುತ್ತಿಲ್ಲ. ಏನು ತಪ್ಪಾಗಿದೆ?

ಲ್ಯೂಗೊಲ್‌ನ ಮಾದರಿಯಾದರೆ ಕಾರಣ ಬಹುಶಃ ಅಯೊಡಿನ್. ಅದು ಹೊಳಪನ್ನು ನುಂಗುತ್ತದೆ, ಆಮ್ಲವೂ ಕ್ಯಾಲ್ಕೊಫ್ಲೋರ್ ಅನ್ನು ಹರಳುಗಟ್ಟಿಸುತ್ತದೆ. ಶೇ. 3ರ ಸೋಡಿಯಂ ಥಯೊಸಲ್ಫೇಟ್ ಅನ್ನು ಹನಿಹನಿಯಾಗಿ ಹಾಕಿ. ಕಂದು ಬಣ್ಣ ಹೋದಮೇಲೆ ಸೋಸಿದ ಕಡಲ ನೀರಿನಲ್ಲಿ ಎರಡು ಸಲ ತೊಳೆದು ಮತ್ತೆ ಬಣ್ಣ ಹಿಡಿಸಿ.

ಇಡೀ ಹಿನ್ನೆಲೆಯೇ ನೀಲಿಯಾಗಿದ್ದರೆ ಬಣ್ಣ ಹೆಚ್ಚಾಗಿದೆ. ಕೋಶದ ಅರ್ಧ ಮಾತ್ರ ಹೊಳೆದು ಇನ್ನರ್ಧ ಮಸುಕಾಗಿದ್ದರೆ ಅದು ದೋಷವಲ್ಲ. ಅಲೆಕ್ಸಾಂಡ್ರಿಯಮ್ ವಿಭಜನೆಯಾಗುವಾಗ ಪ್ರತಿ ಮರಿಕೋಶ ತಾಯಿಯ ಕವಚದ ಅರ್ಧವನ್ನು ಪಡೆದು ಉಳಿದರ್ಧವನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹೊಸ ಅರ್ಧ ತೆಳು. ಇಂಥ ಕೋಶದಲ್ಲಿ ಅಳತೆ ಮಾಡಬೇಡಿ. ಹಾಗೆಯೇ ಹಳೆಯ ಕೋಶಗಳಲ್ಲಿ ಫಲಕಗಳ ನಡುವೆ ಬೆಳವಣಿಗೆಯ ಪಟ್ಟಿಗಳು ಅಗಲವಾಗಿರುತ್ತವೆ. ಆ ಪಟ್ಟಿಯನ್ನೂ ಸೇರಿಸಿ ಅಳೆದರೆ ಕಿರಿದಾದ ಫಲಕ ಅಗಲವಾಗಿಬಿಡುತ್ತದೆ.

ಕೋಶದೊಳಗಿನ ವಸ್ತು ಅಡ್ಡ ಬರುತ್ತಿದ್ದರೆ ಖಾಲಿ ಕವಚ ಹುಡುಕಿ. ಜೀವಂತ ಕೋಶಗಳು ದೀಪದ ಬಿಸಿಗೆ ಕವಚ ಕಳಚಿ ಹೊರಬರುವುದುಂಟು, ಆ ಕಳಚಿದ ಕವಚವೇ ಅತ್ಯುತ್ತಮ ಮಾದರಿ. ಸಿಗದಿದ್ದರೆ ಶೇ. 5ರ ಸೋಡಿಯಂ ಹೈಪೊಕ್ಲೋರೈಟ್‌ನ ಚಿಕ್ಕ ಹನಿಯನ್ನು ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಇಟ್ಟು ಎದುರು ಅಂಚಿನಲ್ಲಿ ಹೀರುಕಾಗದ ತಾಗಿಸಿ. ಫಲಕಗಳು ಒಂದೊಂದಾಗಿ ಬಿಡಿಸಿಕೊಳ್ಳತೊಡಗುತ್ತವೆ. ಕಣ್ಣು ತೆಗೆಯದೆ ನೋಡಿ, ಪ್ರತಿ ಹಂತದ ಚಿತ್ರ ತೆಗೆಯಿರಿ. ಒಮ್ಮೆ ಚದುರಿದರೆ ಯಾವ ಫಲಕ ಎಲ್ಲಿತ್ತು ಎಂದು ಹೇಳಲು ಬರುವುದಿಲ್ಲ.

ಅಲೆಕ್ಸಾಂಡ್ರಿಯಮ್ ಮಿನುಟಮ್ ಮತ್ತು ಟಮುಟಮ್: ವ್ಯತ್ಯಾಸ ಎಲ್ಲಿದೆ?

ಒಂದು ಫಲಕದಲ್ಲಿ. ಎರಡೂ ಚಿಕ್ಕವು, ದುಂಡು ಅಥವಾ ಮೊಟ್ಟೆಯಾಕಾರ, ಎರಡಕ್ಕೂ ಮುಂಬದಿ ರಂಧ್ರ ಇದೆ. ಮಿನುಟಮ್ ಸ್ಯಾಕ್ಸಿಟಾಕ್ಸಿನ್ ಗುಂಪಿನ (ಪಾರ್ಶ್ವವಾಯು ತರುವ) ವಿಷ ಮಾಡುವ ಪ್ರಭೇದ, 2004ರಲ್ಲಿ ವಿವರಿಸಲಾದ ಟಮುಟಮ್ ಮಾಡುವುದಿಲ್ಲ.

ಬಣ್ಣ ಹಿಡಿಸಿದ ಕೋಶವನ್ನು ಮುಂಬದಿಯಿಂದ ನೋಡಿ. ನಟ್ಟನಡುವೆ ಶಿಖರದಿಂದ ತೋಡಿನತ್ತ ಇಳಿಯುವ ಓರೆಯಾದ, ಕಿರಿದಾದ ಫಲಕ 1′. ಅದರ ಅಂಚಿನಲ್ಲಿ, ನಿಮ್ಮ ಎಡಬದಿಗೆ, 4′ ಫಲಕದೊಂದಿಗಿನ ಹೊಲಿಗೆಯ ಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಮುಂಬದಿ ರಂಧ್ರ ಅದೇ. ಆ ಚುಕ್ಕೆಯಿಂದ ಕೆಳಗೆ, ಇನ್ನೂ ನಿಮ್ಮ ಎಡಕ್ಕೆ ಸಾಗಿ. ಅಡ್ಡ ತೋಡಿನ ಮೇಲಂಚಿನಲ್ಲಿ ನಿಂತಿರುವ ಫಲಕ 6″. ಅದು ಅಗಲಕ್ಕಿಂತ ಎತ್ತರವಾಗಿ, ಕಿರಿದಾದ ಪಟ್ಟಿಯಂತಿದ್ದರೆ ಮಿನುಟಮ್. ಅಗಲವಾಗಿ ಹರಡಿದ್ದರೆ ಟಮುಟಮ್.

ಒಂದೇ ಕೋಶ ನೋಡಿ ತೀರ್ಮಾನಿಸಬೇಡಿ. ಕೋಶ ಹತ್ತು ಡಿಗ್ರಿ ವಾಲಿದರೂ ಅಗಲದ ಫಲಕ ಕಿರಿದಾಗಿ ಕಾಣುತ್ತದೆ. ನೇರವಾಗಿ ನಿಂತ ಹತ್ತು ಕೋಶಗಳಾದರೂ ಬೇಕು. ಎರಡೂ ಪ್ರಭೇದ ಒಂದೇ ನೀರಿನಲ್ಲಿ ಇರಬಲ್ಲವಾದ್ದರಿಂದ ಹತ್ತರಲ್ಲಿ ಮೂರು ಬೇರೆಯಾಗಿ ಕಂಡರೆ ಆ ಮೂರನ್ನು ತಪ್ಪೆಂದು ಬದಿಗಿಡಬೇಡಿ.

ಅಲೆಕ್ಸಾಂಡ್ರಿಯಮ್ ಟಮರೆನ್ಸೆ, ಫಂಡಿಯೆನ್ಸೆ, ಕ್ಯಾಟೆನೆಲ್ಲಾ: ಹೆಸರುಗಳು ಏಕೆ ಬದಲಾಗುತ್ತಲೇ ಇವೆ?

ಹಳೆಯ ಕ್ರಮದಲ್ಲಿ ಮುಂಬದಿ ರಂಧ್ರ ಇದ್ದರೆ ಟಮರೆನ್ಸೆ, ಇಲ್ಲದಿದ್ದರೆ ಫಂಡಿಯೆನ್ಸೆ, ರಂಧ್ರವಿಲ್ಲದೆ ಸರಪಳಿಯಾಗಿ ಬೆಳೆದು ಮೇಲೆ ಕೆಳಗೆ ಒತ್ತಿದಂತಿದ್ದರೆ ಕ್ಯಾಟೆನೆಲ್ಲಾ. ರೈಬೊಸೋಮ್ ಜೀನ್‌ಗಳನ್ನು ಓದಿದಾಗ ಈ ಲೆಕ್ಕ ನಿಲ್ಲಲಿಲ್ಲ. ರಂಧ್ರ ಇರುವ, ಇಲ್ಲದ ಕೋಶಗಳು ಒಂದೇ ವಂಶದಲ್ಲಿ ಸಿಕ್ಕವು. 2007ರಲ್ಲಿ ಐದು ಗುಂಪುಗಳೆಂದು ಗುರುತಿಸಲಾಯಿತು, 2014ರಲ್ಲಿ ಐದಕ್ಕೂ ಪ್ರಭೇದದ ಹೆಸರು ಬಂತು. 1ನೇ ಗುಂಪಿಗೆ ಆಗ ಫಂಡಿಯೆನ್ಸೆ ಎಂದಿಟ್ಟಿದ್ದರು. ಹೆಸರುಗಳ ಹಿರಿತನದ ನಿಯಮದಂತೆ 2017ರ ನಾಮಕರಣ ಸಮಿತಿಯ ನಿಲುವಿನ ನಂತರ ಅದು ಕ್ಯಾಟೆನೆಲ್ಲಾ ಆಯಿತು. 2ನೆಯದು ಮೆಡಿಟೆರೇನಿಯಮ್, 3 ಟಮರೆನ್ಸೆ, 4 ಪೆಸಿಫಿಕಮ್, 5 ಆಸ್ಟ್ರೇಲಿಯೆನ್ಸೆ.

ಹಾಗಾಗಿ ಹಳೆಯ ವರದಿಯಲ್ಲಿ ಕ್ಯಾಟೆನೆಲ್ಲಾ ಎಂದಿದ್ದರೆ ಅದು ಇಂದಿನ ಕ್ಯಾಟೆನೆಲ್ಲಾ ಆಗಿರಬಹುದು, ಪೆಸಿಫಿಕಮ್ಮೂ ಆಗಿರಬಹುದು. ಸೂಕ್ಷ್ಮದರ್ಶಕದಲ್ಲಿ ಇವುಗಳನ್ನು ಖಚಿತವಾಗಿ ಬೇರ್ಪಡಿಸಲಾಗದು. ಸರಪಳಿಯ ಉದ್ದವೂ ಆಧಾರವಲ್ಲ: ಬಾಟಲಿ ಕುಲುಕಿದರೆ ಸರಪಳಿ ತುಂಡಾಗುತ್ತದೆ, ಸಂವರ್ಧನೆಯಲ್ಲಿ ಸರಪಳಿ ಕಟ್ಟುವುದನ್ನೇ ಬಿಡುವುದುಂಟು. ಡಿಎನ್‌ಎ ಇಲ್ಲದಿದ್ದರೆ ‘ಅಲೆಕ್ಸಾಂಡ್ರಿಯಮ್ ಟಮರೆನ್ಸೆ ಸಂಕೀರ್ಣ’ ಎಂದು ಬರೆದು ನಿಲ್ಲಿಸಿ. ಇದು ಸೋಲಲ್ಲ, ಸಾಕ್ಷ್ಯ ಇರುವಷ್ಟೇ ಹೇಳುವ ಶಿಸ್ತು.

ಡೈನೊಫಿಸಿಸ್ ಅಕ್ಯುಮಿನಾಟಾ, ಓವಮ್, ಸ್ಯಾಕ್ಯುಲಸ್ ಮೂರನ್ನೂ ಆಕಾರ ನೋಡಿ ಬೇರ್ಪಡಿಸಬಹುದೇ?

ಮಾದರಿ ಚಿತ್ರದಂಥ ಕೋಶ ಸಿಕ್ಕರೆ ಹೌದು: ಓವಮ್ ದುಂಡು, ಸ್ಯಾಕ್ಯುಲಸ್ ನೀಳ, ಅಕ್ಯುಮಿನಾಟಾ ನಡುವಿನದು. ನಿಜವಾದ ಮಾದರಿಯಲ್ಲಿ ಈ ಮೂರರ ನಡುವೆ ಎಲ್ಲ ಮಧ್ಯದ ಆಕಾರಗಳೂ ಸಿಗುತ್ತವೆ. ರೈಬೊಸೋಮ್ ಜೀನ್‌ಗಳ ಐಟಿಎಸ್, ಎಲ್‌ಎಸ್‌ಯು ಎಂಬ ಭಾಗಗಳೂ ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ. ಮೈಟೊಕಾಂಡ್ರಿಯಾದ ಸಿಒಎಕ್ಸ್1 ಜೀನ್ ಸ್ವಲ್ಪ ಹೆಚ್ಚು ವ್ಯತ್ಯಾಸ ತೋರಿಸುತ್ತದೆ. ದಿನನಿತ್ಯದ ನಿಗಾ ಕೆಲಸಕ್ಕೆ ‘ಅಕ್ಯುಮಿನಾಟಾ ಸಂಕೀರ್ಣ’ ಎಂದರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

ಈ ಕುಲದ ಉಳಿದ ಪ್ರಭೇದಗಳು ಇಷ್ಟು ಕಾಡುವುದಿಲ್ಲ. ಫೋರ್ಟಿಯೈ ಕೆಳಭಾಗದಲ್ಲಿ ಅಗಲವಾಗಿ ದುಂಡಗೆ ಮುಗಿಯುತ್ತದೆ, ಅಕ್ಯೂಟಾ ನಡುವಿಗಿಂತ ಸ್ವಲ್ಪ ಕೆಳಗೆ ಅಗಲವಾಗಿ ಮೊನಚಾಗುತ್ತದೆ, ಕೌಡಾಟಾಗೆ ಒಂದು ಉದ್ದ ಬಾಲ, ಟ್ರೈಪೋಸ್‌ಗೆ ಎರಡು. ಆದರೆ ಎಚ್ಚರಿಕೆ: ಡೈನೊಫಿಸಿಸ್‌ಗಳು ಜೀವನಚಕ್ರದಲ್ಲಿ ಚಿಕ್ಕ, ಬೇರೆಯದೇ ಆಕಾರದ ಕೋಶಗಳನ್ನು ಮಾಡುತ್ತವೆ. ಡೆನ್ಸ್ ಎಂಬ ‘ಪ್ರಭೇದ’ ಅಕ್ಯೂಟಾದ ಚಿಕ್ಕ ರೂಪ, ಸ್ಕಾಗಿಯೈ ಅಕ್ಯುಮಿನಾಟಾದ್ದು. ಒಂದು ಬದಿ ಅಕ್ಯೂಟಾದಂತೆ, ಇನ್ನೊಂದು ಬದಿ ಡೆನ್ಸ್‌ನಂತೆ ಇರುವ ಕೋಶ ಕಂಡರೆ ಅದು ವಿಭಜನೆಯ ಕ್ಷಣದ ಸಾಕ್ಷಿ. ಚಿತ್ರ ತೆಗೆದಿಟ್ಟುಕೊಳ್ಳಿ.

ಕವಚವೇ ಇಲ್ಲದ ಕರೇನಿಯಾ, ಕಾರ್ಲೊಡಿನಿಯಮ್‌ಗಳಲ್ಲಿ ಏನು ನೋಡಬೇಕು?

ಶಿಖರ ತೋಡನ್ನು, ಅಂದರೆ ಕೋಶದ ಮೇಲ್ತುದಿಯಲ್ಲಿರುವ ತೋಡನ್ನು. 2000ನೇ ಇಸವಿಯಲ್ಲಿ ಹಳೆಯ ಜಿಮ್ನೊಡಿನಿಯಮ್ ಕುಲವನ್ನು ಒಡೆದದ್ದೂ ಇದರ ಮತ್ತು ಡಿಎನ್‌ಎಯ ಆಧಾರದ ಮೇಲೆಯೇ. ಜಿಮ್ನೊಡಿನಿಯಮ್‌ನಲ್ಲಿ ಇದು ಲಾಳದಂತೆ ಸುತ್ತುತ್ತದೆ. ಕರೇನಿಯಾ, ಕಾರ್ಲೊಡಿನಿಯಮ್‌ಗಳಲ್ಲಿ ನೇರ ಗೆರೆ, ಅಕಾಶಿವೊದಲ್ಲಿ ಪ್ರದಕ್ಷಿಣೆಯ ಸುರುಳಿ. 2003ರಲ್ಲಿ ಬಂದ ಟಕಯಾಮಾದಲ್ಲಿ ಅಲೆಯಂತೆ ಎರಡು ಬಾಗು. ಕಾರ್ಲೊಡಿನಿಯಮ್‌ಗೆ ಮುಂಬದಿಯಲ್ಲಿ ಒಂದು ಚಿಕ್ಕ ರಂಧ್ರವೂ ಇರುತ್ತದೆ.

ಕರೇನಿಯಾದೊಳಗೆ ನ್ಯೂಕ್ಲಿಯಸ್ ದಾರಿ ತೋರುತ್ತದೆ. ಬ್ರೆವಿಸ್ ಪ್ರಭೇದದಲ್ಲಿ ಅದು ದುಂಡು, ಕೆಳಭಾಗದ ಎಡ ಹಾಲೆಯಲ್ಲಿ, ಅಂದರೆ ಮುಂಬದಿ ನೋಟದಲ್ಲಿ ನಿಮ್ಮ ಬಲಕ್ಕೆ ಕೆಳಗೆ. ಮಿಕಿಮೊಟೊಯ್‌ನಲ್ಲಿ ಅದು ನೀಳವಾಗಿ ಎಡಬದಿಯುದ್ದಕ್ಕೂ ಮೇಲಕ್ಕೆ ಚಾಚಿರುತ್ತದೆ. ಪ್ಯಾಪಿಲಿಯೊನೇಸಿಯಾ ಹೆಸರಿಗೆ ತಕ್ಕಂತೆ ಚಿಟ್ಟೆಯಂತೆ ಅಗಲ. 1 ಮಿಲಿಲೀಟರ್‌ಗೆ 1 ಮೈಕ್ರೊಗ್ರಾಂ ಡಿಎಪಿಐ ಬಣ್ಣ ಹಾಕಿದರೆ ನ್ಯೂಕ್ಲಿಯಸ್ ಸ್ಪಷ್ಟ. ಈಜುವ ಬಗೆಯನ್ನೂ ಬರೆದಿಟ್ಟುಕೊಳ್ಳಿ: ಮಿಕಿಮೊಟೊಯ್ ಉದುರುವ ಎಲೆಯಂತೆ ಹೊರಳುತ್ತಾ ಸಾಗುತ್ತದೆ. ಇವೆಲ್ಲ ಜೀವಂತ ಕೋಶದ ಮಾತು. ಕವರ್‌ಸ್ಲಿಪ್ಪಿನ ಕೆಳಗೆ ಕೆಲವೇ ನಿಮಿಷಗಳಲ್ಲಿ ಕೋಶ ಉಬ್ಬಿ ಒಡೆಯುತ್ತದೆ, ಮೊದಲ ನಿಮಿಷದಲ್ಲೇ ವಿಡಿಯೊ ತೆಗೆಯಿರಿ.

ಸರಪಳಿಯಾಗಿರುವ ಕವಚರಹಿತ ಕೋಶಗಳು: ಜಿಮ್ನೊಡಿನಿಯಮ್ ಕ್ಯಾಟೆನೇಟಮ್ಮೋ, ಮಾರ್ಗಲೆಫಿಡಿನಿಯಮ್ಮೋ?

ಅಡ್ಡ ತೋಡು ಎಷ್ಟು ಸುತ್ತು ಬಂದಿದೆ ನೋಡಿ. ಸುಮಾರು ಒಂದು ಸುತ್ತಾದರೆ ಜಿಮ್ನೊಡಿನಿಯಮ್, ಎರಡರ ಹತ್ತಿರ ಬಂದರೆ ಮಾರ್ಗಲೆಫಿಡಿನಿಯಮ್, ಅಂದರೆ 2017ರವರೆಗೆ ಕೊಕ್ಲೊಡಿನಿಯಮ್ ಎನಿಸಿಕೊಂಡಿದ್ದದ್ದು. ಕ್ಯಾಟೆನೇಟಮ್ ಸರಪಳಿಯಲ್ಲಿ 64 ಕೋಶಗಳವರೆಗೂ ಇರಬಹುದು, ಅದೇ ಕುಲದ ಇಂಪ್ಯುಡಿಕಮ್‌ನಲ್ಲಿ ಸಾಮಾನ್ಯವಾಗಿ ನಾಲ್ಕು. ಮಾರ್ಗಲೆಫಿಡಿನಿಯಮ್‌ನ ಪ್ರಭೇದಗಳಲ್ಲಿ ಪಾಲಿಕ್ರಿಕಾಯ್ಡಿಸ್‌ಗೆ ಉದ್ದ ತೋಡು ಅಡ್ಡ ತೋಡಿನ ಕೆಳಗೇ ಅಂಟಿದಂತೆ ಸಾಗುತ್ತದೆ, ಹಸಿರುಕಣಗಳು ಕಡ್ಡಿಯಂತೆ. ಫಲ್ವೆಸೆನ್ಸ್‌ನಲ್ಲಿ ಉದ್ದ ತೋಡು ಅಡ್ಡ ತೋಡಿನ ಎರಡು ಸುತ್ತುಗಳ ನಡುವೆ ಮಧ್ಯದಲ್ಲಿದೆ, ಹಸಿರುಕಣಗಳು ಕಾಳುಕಾಳು.

ಪ್ರೊರೊಸೆಂಟ್ರಮ್?

ಇದಕ್ಕೆ ಎರಡೇ ದೊಡ್ಡ ಚಿಪ್ಪು, ಹಾಗಾಗಿ ಚಿಪ್ಪಿನ ಮೇಲಿನ ರಂಧ್ರಗಳ ವಿನ್ಯಾಸವೇ ಎಲ್ಲ. ಲಿಮಾ ಪ್ರಭೇದದಲ್ಲಿ ಅಂಚಿನುದ್ದಕ್ಕೂ ರಂಧ್ರಗಳ ಸಾಲು ಇದ್ದು, ಚಿಪ್ಪಿನ ನಡುವೆ ರಂಧ್ರವಿಲ್ಲ. ಹಾಫ್‌ಮ್ಯಾನಿಯಾನಮ್‌ನಲ್ಲಿ ಮೇಲ್ಮೈ ಪೂರ್ತಿ ಆಳವಾದ ಗುಳಿಗಳು. ಮೈಕಾನ್ಸ್ ಕಣ್ಣೀರ ಹನಿಯಂತೆ, ಗ್ರೇಸಿಲೆ ಅದಕ್ಕಿಂತ ನೀಳ, ಉದ್ದ ಅಗಲದ ಎರಡು ಪಟ್ಟಿಗೂ ಹೆಚ್ಚು. ಹಳೆಯ ಪಟ್ಟಿಗಳಲ್ಲಿ ಮಿನಿಮಮ್ ಮತ್ತು ಕಾರ್ಡೇಟಮ್ ಎಂದು ಎರಡು ಸಾಲು ಇದ್ದರೆ ಕೂಡಿಸಿಬಿಡಿ, ಈಗ ಎರಡನ್ನೂ ಕಾರ್ಡೇಟಮ್ ಎನ್ನುತ್ತಾರೆ.

ಹೆಟೆರೊಕ್ಯಾಪ್ಸಾ?

ಕೋಶದ ಮೇಲಿರುವ, ಒಂದು ಮೈಕ್ರಾನ್‌ಗಿಂತ ಚಿಕ್ಕ ಸಾವಯವ ಹುರುಪೆಗಳ ರಚನೆಯಿಂದ ಪ್ರಭೇದ ತಿಳಿಯುತ್ತದೆ. ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಲ್ಲದವರು ಕುಲದ ಹೆಸರಿನಲ್ಲೇ ನಿಲ್ಲುವುದು ಒಳ್ಳೆಯದು.

ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಬರೀ ಉಪ್ಪಿನ ಹರಳು, ಕುಗ್ಗಿದ ಕೋಶ. ಏನು ಮಾಡಬೇಕು?

ಉಪ್ಪನ್ನು ಒಂದೇ ಸಲ ತೊಳೆಯಬೇಡಿ. ಕಡಲ ನೀರಿನಿಂದ ನೇರ ಬಟ್ಟಿ ನೀರಿಗೆ ಹಾಕಿದರೆ ಕವಚವಿಲ್ಲದ ಕೋಶ ಒಡೆಯುತ್ತದೆ. ಸ್ಥಿರೀಕರಿಸಿದ ಕೋಶಗಳನ್ನು 3ರಿಂದ 5 ಮೈಕ್ರಾನ್ ಪಾಲಿಕಾರ್ಬೊನೇಟ್ ಫಿಲ್ಟರ್ ಮೇಲೆ ಹಿಡಿದು, ಹಂತಹಂತವಾಗಿ ತೆಳುಗೊಳಿಸಿದ ಕಡಲ ನೀರಿನಲ್ಲಿ ತೊಳೆಯುತ್ತಾ ಬಟ್ಟಿ ನೀರಿಗೆ ಬನ್ನಿ. ಆಮೇಲೆ ಶೇ. 30, 50, 70, 90, 100ರ ಎಥನಾಲ್, ಪ್ರತಿಯೊಂದರಲ್ಲೂ 10 ನಿಮಿಷ. ಗಾಳಿಯಲ್ಲಿ ಒಣಗಿಸಿದರೆ ಕುಗ್ಗುತ್ತದೆ, ಕ್ರಿಟಿಕಲ್ ಪಾಯಿಂಟ್ ವಿಧಾನದಲ್ಲಿ ಒಣಗಿಸಿ. ಕವಚದ ಮೇಲೆ ಪೊರೆ ಉಳಿದು ಹೊಲಿಗೆಗಳು ಮುಚ್ಚಿದ್ದರೆ, ಸ್ಥಿರೀಕರಿಸುವ ಮುನ್ನ ಶೇ. 60ರ ಎಥನಾಲ್‌ನಲ್ಲಿಟ್ಟರೆ ಪೊರೆ ಕಳಚುತ್ತದೆ. ಫಿಲ್ಟರನ್ನು ಜೋರಾಗಿ ಎಳೆಯುವ ಪಂಪ್ ಬೇಡ.

ಗಾತ್ರ ಎಷ್ಟು ನಂಬಬಹುದು?

ಪೂರಕ ಸಾಕ್ಷ್ಯವಾಗಿ ಮಾತ್ರ. ಕನಿಷ್ಠ 30 ಕೋಶ ಅಳೆದು ಕನಿಷ್ಠ, ಗರಿಷ್ಠ, ಸರಾಸರಿ ಮೂರೂ ಕೊಡಿ. ಮಾದರಿಯನ್ನು ಯಾವುದರಲ್ಲಿ ಇಟ್ಟಿದ್ದಿರಿ ಎಂದೂ ಬರೆಯಿರಿ, ಏಕೆಂದರೆ ಲ್ಯೂಗೊಲ್‌ನಲ್ಲಿ ಕೋಶದ ಗಾತ್ರ ಬದಲಾಗುತ್ತದೆ.

ಡಿಎನ್‌ಎಯ ಯಾವ ಭಾಗ ಓದಿಸಬೇಕು?

ರೈಬೊಸೋಮ್ ಜೀನ್‌ಗಳ ಎಸ್‌ಎಸ್‌ಯು ಭಾಗ ತೀರಾ ನಿಧಾನ ಬದಲಾಗುವುದರಿಂದ ಹತ್ತಿರದ ಪ್ರಭೇದಗಳಿಗೆ ಸಾಲದು. ನೀರಿನ ಎಲ್ಲ ಜೀವಿಗಳ ಡಿಎನ್‌ಎಯಲ್ಲಿ ಅದರ ವಿ4 ತುಣುಕನ್ನಷ್ಟೇ ಒಟ್ಟಿಗೆ ಓದುವ ಸಾಮೂಹಿಕ ಬಾರ್‌ಕೋಡಿಂಗ್ ಫಲಿತಾಂಶದಲ್ಲಿ ಅಲೆಕ್ಸಾಂಡ್ರಿಯಮ್‌ನ ಪ್ರಭೇದದ ಹೆಸರು ಕಂಡರೆ ಅನುಮಾನದಿಂದಲೇ ನೋಡಿ. ಎಲ್‌ಎಸ್‌ಯುವಿನ ಡಿ1ರಿಂದ ಡಿ3 ಭಾಗ ಹೆಚ್ಚು ಬಳಕೆಯಲ್ಲಿದೆ, ಹೋಲಿಸಲು ಬೇಕಾದಷ್ಟು ಹಳೆಯ ಅನುಕ್ರಮಗಳೂ ಇವೆ. ಡಿ1ಆರ್ ಮತ್ತು ಡಿ2ಸಿ ಪ್ರೈಮರ್ ಜೋಡಿ (ಬೇಕಾದ ತುಣುಕಿನ ಎರಡು ತುದಿಗಳನ್ನು ಗುರುತಿಸುವ ಚಿಕ್ಕ ಡಿಎನ್‌ಎ ಎಳೆಗಳು) ಸುಮಾರು 700 ಬೇಸ್‌ಗಳ ತುಣುಕು ಕೊಡುತ್ತದೆ. ತೀರಾ ಹತ್ತಿರದವಕ್ಕೆ ಐಟಿಎಸ್ ಸೇರಿಸಿ. 2007ರಲ್ಲಿ ಸೂಚಿಸಲಾದ ಒಂದು ಅಳತೆಯಂತೆ, ಐಟಿಎಸ್‌ನಲ್ಲಿ ಪ್ರತಿ ಸ್ಥಾನಕ್ಕೆ 0.04 ಅಥವಾ ಹೆಚ್ಚು ವ್ಯತ್ಯಾಸ ಇದ್ದರೆ ಬೇರೆ ಪ್ರಭೇದ ಎನ್ನಬಹುದು. ಅದಕ್ಕಿಂತ ಕಡಿಮೆ ಇದ್ದರೆ ಒಂದೇ ಪ್ರಭೇದ ಎಂದು ಮಾತ್ರ ಸಿದ್ಧವಾಗುವುದಿಲ್ಲ. ಡೈನೊಫಿಸಿಸ್ ಅದಕ್ಕೆ ಉದಾಹರಣೆ.

ಒಂದೇ ಕೋಶದಿಂದ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡಬಹುದೇ?

ಮಾಡಬಹುದು. ಜ್ವಾಲೆಯಲ್ಲಿ ಎಳೆದು ತುದಿ ಸಣ್ಣಗಾಗಿಸಿದ ಪಾಶ್ಚರ್ ಪಿಪೆಟ್‌ನಿಂದ ಕೋಶ ಹೀರಿ. ಸೋಸಿದ ಶುದ್ಧ ಕಡಲ ನೀರಿನ ಐದಾರು ಹನಿಗಳಲ್ಲಿ ಒಂದಾದ ಮೇಲೊಂದರಂತೆ ತೊಳೆಯಿರಿ, ಪ್ರತಿ ಸಲ ಹೊಸ ಪಿಪೆಟ್. ಪಿಸಿಆರ್ ಕೊಳವೆಗೆ ಬಿಡುವ ಮುನ್ನ ಚಿತ್ರ ತೆಗೆಯಿರಿ, ಹೆಸರನ್ನೂ ಅನುಕ್ರಮವನ್ನೂ ಜೋಡಿಸುವುದು ಆ ಚಿತ್ರವೇ. ಕೆಲವು ಮೈಕ್ರೊಲೀಟರ್ ಅತಿಶುದ್ಧ ನೀರಿನಲ್ಲಿ ಎರಡು ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ, 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ನೇರ ಪಿಸಿಆರ್‌ಗೆ ಹಾಕಿ. ಬ್ಯಾಂಡ್ ಬಾರದಿದ್ದರೆ ಒಳಗಿನ ಪ್ರೈಮರ್ ಜೋಡಿಯಿಂದ ಎರಡನೇ ಸುತ್ತು ಮಾಡಿ. ಜತೆಗೆ ಕೊನೆಯ ಹನಿಯ ನೀರನ್ನಷ್ಟೇ ಹಾಕಿದ ಒಂದು ಕೊಳವೆ ಇರಲೇಬೇಕು. ಅದರಲ್ಲೂ ಬ್ಯಾಂಡ್ ಬಂದರೆ ನೀವು ಓದಿಸುತ್ತಿರುವುದು ತೊಳೆದು ಹೋಗದ ಇನ್ಯಾವುದೋ ಜೀವಿ. ಪರಭಕ್ಷಕ ಪ್ರಭೇದಗಳಲ್ಲಿ ಹೊಟ್ಟೆಯೊಳಗಿನ ಬೇಟೆಯ ಡಿಎನ್‌ಎ ಬರುವುದೂ ಉಂಟು. ಒಂದೆರಡು ದಿನ ಹಸಿದಿರಿಸಿ ನೋಡಿ.

ಡಿಎನ್‌ಎ ದತ್ತಸಂಚಯದಲ್ಲಿ ಶೇ. 99 ಹೋಲಿಕೆ ಬಂದಿದೆ. ಹೆಸರು ಬರೆದುಬಿಡಲೇ?

ಇಲ್ಲ. ಮೊದಲು ಆ ಅನುಕ್ರಮ ಯಾವ ವರ್ಷದ್ದು ನೋಡಿ. 2014ಕ್ಕೆ ಮುಂಚೆ ಸೇರಿಸಿದ ಅಲೆಕ್ಸಾಂಡ್ರಿಯಮ್ ಟಮರೆನ್ಸೆ ಅನುಕ್ರಮಗಳಲ್ಲಿ ಐದೂ ಗುಂಪಿನವು ಬೆರೆತಿವೆ, ಹಾಕಿದವರು ತಿದ್ದದ ಹೊರತು ಹೆಸರು ಹಾಗೆಯೇ ಉಳಿಯುತ್ತದೆ. ಪ್ರಭೇದದ ಮೂಲ ಮಾದರಿ ದೊರೆತ ಸ್ಥಳದ ಅನುಕ್ರಮ ಅಥವಾ ಹೊಸ ಪರಿಷ್ಕರಣೆಯಲ್ಲಿ ಬಳಸಿದ ಅನುಕ್ರಮಗಳನ್ನು ಸೇರಿಸಿ ವಂಶವೃಕ್ಷ ಕಟ್ಟಿ, ನಿಮ್ಮದು ಯಾವ ಕೊಂಬೆಯೊಳಗೆ ಕೂರುತ್ತದೆ ನೋಡಿ. ಡೈನೊಫ್ಲಾಜೆಲೇಟ್‌ಗಳಲ್ಲಿ ರೈಬೊಸೋಮ್ ಜೀನ್‌ನ ಪ್ರತಿಗಳು ಬಹಳ, ಕೆಲವು ಕೆಟ್ಟುಹೋದ ಪ್ರತಿಗಳು. ಗ್ರಾಫಿನಲ್ಲಿ ಜೋಡಿ ಶಿಖರಗಳು ಕಂಡರೆ ಕ್ಲೋನ್ ಮಾಡಿ ಓದಿಸಬೇಕಾಗುತ್ತದೆ.

ವಿಷ ಸಿಕ್ಕರೆ ಪ್ರಭೇದ ಖಚಿತವಾದಂತೆಯೇ?

ಅಲ್ಲ, ಸಿಗದಿದ್ದರೂ ಖಚಿತವಲ್ಲ. ಒಂದೇ ಪ್ರಭೇದದಲ್ಲಿ ವಿಷ ಮಾಡುವ, ಮಾಡದ ತಳಿಗಳೆರಡೂ ಇರಬಹುದು. ಸ್ಯಾಕ್ಸಿಟಾಕ್ಸಿನ್‌ಗೆ ಬೇಕಾದ ಎಸ್‌ಎಕ್ಸ್‌ಟಿಎ4 ಜೀನ್ ಪತ್ತೆಯಾದರೆ ಎಚ್ಚರಿಕೆಯ ಗಂಟೆ ಬಾರಿಸಬಹುದು, ಪ್ರಭೇದದ ಹೆಸರು ಬರೆಯಲಾಗದು. ಚಿಪ್ಪುಜೀವಿ ತಿನ್ನಲು ಯೋಗ್ಯವೇ ಎಂಬ ತೀರ್ಮಾನವಂತೂ ಅದರ ಮಾಂಸದ ವಿಷಪರೀಕ್ಷೆಯಿಂದಲೇ ಆಗಬೇಕು.

ತಳದ ಕೆಸರಿನ ಸಿಸ್ಟ್‌ಗಳಿಂದ ಹೇಳಬಹುದೇ?

ಕೆಲವನ್ನು ಹೇಳಬಹುದು. ಟಮರೆನ್ಸೆ ಸಂಕೀರ್ಣದ ಸಿಸ್ಟ್‌ಗಳೆಲ್ಲ ಔಷಧದ ಕ್ಯಾಪ್ಸೂಲಿನಂತೆ ನುಣುಪು, ಒಂದಕ್ಕೊಂದು ಭೇದವಿಲ್ಲ. ಜಿಮ್ನೊಡಿನಿಯಮ್ ಕ್ಯಾಟೆನೇಟಮ್‌ನದು ಕಂದು, ದುಂಡು, ಮೈತುಂಬ ನವಿರಾದ ಜಾಲ. ಅದೇ ಜಾಲ ಆ ಕುಲದ ಮೈಕ್ರೊರೆಟಿಕ್ಯುಲೇಟಮ್‌ನಲ್ಲೂ ಇದೆ, ಆದರೆ ಆ ಸಿಸ್ಟ್ ಸುಮಾರು 17ರಿಂದ 29 ಮೈಕ್ರಾನ್, ಕ್ಯಾಟೆನೇಟಮ್‌ನದು 38ಕ್ಕಿಂತ ದೊಡ್ಡದು. ಸಂಶಯವಿದ್ದರೆ ಒಂದು ಸಿಸ್ಟನ್ನು ಬೇರ್ಪಡಿಸಿ ದುರ್ಬಲಗೊಳಿಸಿದ ಎಫ್/2 ಪೋಷಕ ಮಾಧ್ಯಮದಲ್ಲಿ ಬೆಳಕಿಗಿಡಿ. ಮೊಳೆತು ಹೊರಬಂದ ಕೋಶವನ್ನು ನೋಡಿ ಹೆಸರಿಸಿ, ಖಾಲಿ ಸಿಸ್ಟನ್ನೂ ಎಸೆಯಬೇಡಿ. ಕೆಸರನ್ನು ಅಲ್ಲಿಯವರೆಗೆ 4 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ನೀವು ನೋಡುವ ಮೊದಲೇ ಮೊಳೆತುಬಿಡುತ್ತವೆ.

ವರದಿಯಲ್ಲಿ ಹೆಸರನ್ನು ಹೇಗೆ ಬರೆಯಬೇಕು?

ಕೈಯಲ್ಲಿರುವ ಸಾಕ್ಷ್ಯದ ಮಟ್ಟದಲ್ಲಿ. ಫಲಕಗಳೂ ಡಿಎನ್‌ಎಯೂ ಹೊಂದಿದರೆ ಪೂರ್ಣ ಹೆಸರು. ಆಕಾರ ಹೊಂದಿದರೂ ನಿರ್ಣಾಯಕ ಗುರುತು ನೋಡಲಾಗದಿದ್ದರೆ ಪ್ರಭೇದದ ಹೆಸರಿನ ಮುಂದೆ ‘ಸಿಎಫ್.’ (ಹೋಲಿಸಿ ನೋಡಿ ಎಂಬರ್ಥ) ಸೇರಿಸಿ. ಗುಂಪು ಮಾತ್ರ ಗೊತ್ತಿದ್ದರೆ ‘ಸಂಕೀರ್ಣ’, ಕುಲ ಮಾತ್ರ ಗೊತ್ತಿದ್ದರೆ ಕುಲದ ಹೆಸರಿನ ನಂತರ ‘ಎಸ್‌ಪಿ.’. ಪಕ್ಕದ ಅಂಕಣದಲ್ಲಿ ಯಾವ ಗುರುತು ನೋಡಿದಿರಿ, ಎಷ್ಟು ಕೋಶಗಳಲ್ಲಿ, ಯಾವ ಬಣ್ಣ ಮತ್ತು ವರ್ಧನೆಯಲ್ಲಿ ಎಂದು ಬರೆಯಿರಿ. ‘6″ ಕಿರಿದು, ಮುಂಬದಿ ರಂಧ್ರ ಇದೆ, 12 ಕೋಶ, ಕ್ಯಾಲ್ಕೊಫ್ಲೋರ್, 1000 ಪಟ್ಟು’ ಎಂಬ ಒಂದು ಸಾಲು ಸಾಕು. ಹೆಸರು ಮತ್ತೆ ಬದಲಾದ ದಿನ ನಿಮ್ಮ ದಾಖಲೆಯನ್ನು ಹೊಸ ಹೆಸರಿಗೆ ಹೊಂದಿಸುವವರು ಓದುವುದು ಆ ಸಾಲನ್ನೇ.